ಮಣ್ಣಾಗದ ಪಾಳಿ

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಮನುಷ್ಯರಿಗಿಂತ ಹೆಚ್ಚು ಬಿಸಿಲು ಉಂಡದ್ದು ಕೊಡಗಳು. ಎರಡು ಸಾವಿರದ ಇಸವಿ ದಾಟಿದ ಮೊದಮೊದಲ ವರ್ಷಗಳ ಮಾತು. ಓಣಿಗೆಲ್ಲ ಇದ್ದದ್ದು ಒಂದೇ ನಳ. ಅದಕ್ಕೆ ಎಂಟು ದಿನಕ್ಕೊಮ್ಮೆ ನೀರು ಬಂದರೆ ಪುಣ್ಯ. ಬೇಸಿಗೆಯಲ್ಲಿ ಅಷ್ಟು ಪುಣ್ಯ ಮಾಡಿದವರು ಯಾರೂ ಇರಲಿಲ್ಲ. ಯಾವ ಹೊತ್ತಿಗೆ ಬರುತ್ತದೆಂಬುದು ನೀರು ಬಿಡುವವನಿಗೇ ಗೊತ್ತಿಲ್ಲವೆಂದು ಅಪ್ಪ ಮಗ್ಗದಲ್ಲಿ ಕೂತು ಗೊಣಗುತ್ತಿದ್ದ. ಅಷ್ಟು ದಿನ ಹೆಂಗಸರೆಲ್ಲ ನಳದ ಮುಂದೆ ನಿಂತರೆ ರೊಟ್ಟಿ ಬಡಿಯುವವರು ಯಾರು? ಹಾಗಾಗಿ ಅವರ ಪರವಾಗಿ ಕೊಡಗಳು ನಿಲ್ಲುತ್ತಿದ್ದವು.

ಮನೆಗೊಂದು ಪ್ಲಾಸ್ಟಿಕ್ ಕೊಡ, ಒಂದರ ಹಿಂದೆ ಒಂದು, ವರ್ಷವಿಡೀ. ತಾಮ್ರದ ಕೊಡವನ್ನು ಬೀದಿಯಲ್ಲಿ ಬಿಡುವಷ್ಟು ಧಾರಾಳ ಯಾರಿಗೂ ಇರಲಿಲ್ಲ. ಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಹಾರಿಹೋಗದ ಹಾಗೆ ಕೊಡದ ಹೊಟ್ಟೆಯಲ್ಲಿ ಎರಡು ಕಲ್ಲು. ನೀರು ಬಂದಾಗ ಮನೆಯಿಂದ ಒಳ್ಳೆಯ ಕೊಡಗಳು ಬರುತ್ತಿದ್ದವು, ತುಂಬಿಕೊಂಡು ಹೋಗುತ್ತಿದ್ದವು. ಪಾಳಿಯ ಕೊಡ ಮಾತ್ರ ನಿಂತಲ್ಲೇ ನಿಂತಿರಬೇಕು. ಅದು ತೂತಾಗಿದ್ದರೂ ನಡೆಯುತ್ತಿತ್ತು, ಯಾಕೆಂದರೆ ಅದರ ಕೆಲಸ ನೀರು ಹಿಡಿಯುವುದಲ್ಲ, ಜಾಗ ಹಿಡಿಯುವುದು.

ಕಾಯಿದೆ ಒಂದೇ: ಕೊಡ ಇದ್ದರೆ ಪಾಳಿ ಇದೆ. ನೀರು ಬಂದ ಹೊತ್ತಿಗೆ ಕೊಡ ಇಲ್ಲವೆಂದರೆ ಆ ಮನೆ ಎಲ್ಲರ ಹಿಂದಕ್ಕೆ ಹೋಗಿ ನಿಲ್ಲಬೇಕು. ಎಲ್ಲರ ಹಿಂದೆ ಅಂದರೆ ನಳದಿಂದ ಸುಂಯ್ ಎಂದು ಗಾಳಿ ಬರುವ ಹೊತ್ತು. ಈ ಕಾಯಿದೆ ಮಾಡಿದವರು ಯಾರೆಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಎಲ್ಲರೂ ಇನ್ನೊಬ್ಬರ ಹೆಸರು ಹೇಳಿದರು.

ನಮ್ಮ ಕೊಡ ಸಾಲಿನಲ್ಲಿ ಮೂರನೆಯದು. ನಳ ಹಾಕಿದ ದಿನ ಅವ್ವ ಮೊದಲ ಮೂವರಲ್ಲೇ ಬಂದು ನಿಂತಿದ್ದಳಂತೆ. ಹೊಳೆಆಲೂರಿನಲ್ಲಿ ಹೊಳೆ ನೋಡುತ್ತ ಬೆಳೆದವಳಿಗೆ ಬತ್ತಿದ ಊರಿಗೆ ಮದುವೆಯಾಗಿ ಬಂದ ಮೇಲೆ ನೀರಿನ ವಾಸನೆ ಬಲು ಬೇಗ ಹತ್ತುತ್ತಿತ್ತು. ನಮ್ಮ ಹಿಂದಿನದು ಮೂಲೆಮನೆ ಕಾಕುವಿನ ಕೆಂಪು ಕೊಡ. ಕಾಕುವಿನದು ಸ್ವಂತ ಮನೆ, ಕಲ್ಲಿನ ಮನೆ. ನಾವು ಬಾಡಿಗೆಯವರು. ಬಾಡಿಗೆಯವರ ಹಿಂದೆ ತನ್ನ ಕೊಡ ನಿಂತಿರುವುದು ಆಕೆಗೆ ಗಂಟಲಿನ ಮುಳ್ಳಾಗಿತ್ತು. "ಬಾಡಿಗಿ ಮನಿ, ಕಾಯಂ ಪಾಳಿ" ಎಂದು ನಮಗೆ ಕೇಳುವ ಹಾಗೆ ಗೋಡೆಗೆ ಹೇಳುತ್ತಿದ್ದಳು.

ನಮ್ಮದು ಗಿಳಿಹಸಿರು ಕೊಡ. ಬಸ್‌ಸ್ಟ್ಯಾಂಡಿನ ಹತ್ತಿರ ಕೈಗಾಡಿಯಲ್ಲಿ ಕೊಡ, ಬಕೀಟು ಮಾರುವ ಚಾಚಾನಿಂದ ಅವ್ವ ಒಂದೇ ದಿನ ಒಂದೇ ಬಣ್ಣದ ಎರಡು ಕೊಡ ತಂದಿದ್ದಳು. ಒಂದು ಅಡುಗೆಮನೆಯ ಕತ್ತಲ ಮೂಲೆಯಲ್ಲಿ ಕುಡಿಯುವ ನೀರು ಹೊತ್ತು ಕೂತಿತು. ಇನ್ನೊಂದು ಬೀದಿಗೆ ಹೋಯಿತು. ಒಂದೇ ಅಚ್ಚಿನಲ್ಲಿ ಹುಟ್ಟಿದ ಅವಳಿಗಳಲ್ಲಿ ಒಬ್ಬಳು ಮಹಾರಾಣಿ, ಇನ್ನೊಬ್ಬಳು ಕೂಲಿಯವಳು.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬೀದಿಯವಳ ಬಣ್ಣ ಇಳಿಯಿತು. ಹಸಿರು ಹೋಗಿ ಹಳದಿಯಂಥದೇನೋ ಆಯಿತು, ಆಮೇಲೆ ಬಿಳಿ. ಮುಟ್ಟಿದರೆ ಬೆರಳಿಗೆ ಸುಣ್ಣದಂಥ ಪುಡಿ ಅಂಟುತ್ತಿತ್ತು. ಕುತ್ತಿಗೆಯ ಸುತ್ತ ಕೂದಲೆಳೆಯಂಥ ಬಿರುಕುಗಳು ಬಂದವು. ಅವ್ವ ಚಾಚಾನ ಗಾಡಿ ಮುಂದೆ ನಿಂತು ಜೋರು ಮಾಡಿದಳು. ಆತ ಗಡ್ಡ ಕೆರೆದುಕೊಂಡು, "ಗ್ಯಾರಂಟಿ ನೆರಳಿನ್ಯಾಗ ಅಷ್ಟ ಐತಿ ಬೆಹೆನ್, ಬಿಸಲಾಗ ನಂದs ಗ್ಯಾರಂಟಿ ಇಲ್ಲ" ಎಂದ. ಅವ್ವನಿಗೂ ನಗು ಬಂದು ಜಗಳ ಅರ್ಧಕ್ಕೇ ನಿಂತಿತು.

ಆ ದಿನಗಳಲ್ಲಿ ನಾನು ಬಸ್ಸಿನಲ್ಲಿ ರೋಣಕ್ಕೆ ಹೋಗಿ ಬಿಎಸ್ಸಿ ಓದುತ್ತಿದ್ದೆ. ಪ್ಲಾಸ್ಟಿಕ್ ಅಂದರೆ ಅಣುಗಳ ಉದ್ದುದ್ದ ಸರಪಳಿ ಎಂದು ಪಾಠದಲ್ಲಿ ಬಂದಾಗ ಉಳಿದವರು ಬರೆದುಕೊಂಡರು, ನಾನು ನಕ್ಕೆ. ನೇಕಾರನ ಮಗಳಿಗೆ ಎಳೆಯ ಬಗ್ಗೆ ಪಾಠವೇ! ಮನೆಗೆ ಬಂದವಳೇ ಅಪ್ಪನಿಗೆ ಹೇಳಿದೆ, ನಮ್ಮ ಕೊಡವೂ ಒಂಥರಾ ನೂಲಿನದ್ದೇ, ಎಣಿಸಲಾಗದಷ್ಟು ಎಳೆ ಒಂದರೊಳಗೊಂದು ಸಿಕ್ಕಿಕೊಂಡು ಗಟ್ಟಿಯಾದದ್ದು, ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿರುತ್ತವೆ, ಅವು ಆ ಎಳೆಗಳನ್ನು ಕಡಿಯುತ್ತವೆ ಎಂದು.

"ಕಡದ್ರ ಕಡೀಲಿ, ಗಂಟ ಹಾಕಿದ್ರಾತು" ಎಂದ ಅಪ್ಪ. ಕಡಿದ ಎಳೆಗೆ ಗಂಟು ಹಾಕುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು.

"ಗಂಟ ಹಾಕಾಕ ಗಾಳಿ ಬಿಡೂದಿಲ್ಲಪಾ. ಕಡದ ತುದಿಗೆ ಗಾಳ್ಯಾಗಿನ ಆಮ್ಲಜನಕ ಬಂದು ಕುಂತಬಿಡ್ತೈತಿ. ಅಲ್ಲಿ ಕುಂತು ಬಾಜೂದ ಎಳೀಗೂ ಜಗಳಾ ಹಚ್ಚತೈತಿ. ಅದೂ ಕಡೀತೈತಿ."

ಅಪ್ಪ ಲಾಳಿ ಕೆಳಗಿಟ್ಟ. "ಹಂಗಾರ ಅದೂ ನಮ್ಮ ಓಣಿ ನಳದಂಗs ಐತಿ ಬಿಡು" ಎಂದ.

ಆ ಬೇಸಿಗೆಗೆ ಅಕ್ಕ ಹೆರಿಗೆಗೆಂದು ಮನೆಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಬಾಣಂತಿಯ ಮನೆಯಲ್ಲಿ ನೀರು ಎಷ್ಟು ಬೇಕೆಂದು ಬಲ್ಲವರೇ ಬಲ್ಲರು. ಕೂಸಿಗೆ ಎರೆಯಲು, ಬಾಣಂತಿಗೆ ಹಂಡೆ ತುಂಬ ಬಿಸಿನೀರು ಹೊಯ್ಯಲು, ದಿನದ ಅರಿವೆ ಒಗೆಯಲು. ಆ ಸಲ ನಳ ಬಹಳ ದಿನ ಬಾಯಿ ಬಿಟ್ಟಿರಲಿಲ್ಲ. ಬ್ಯಾರಲ್ಲಿನ ತಳ ಕಾಣುತ್ತಿತ್ತು. ಅವ್ವ ಅಕ್ಕನಿಗೆ ಎರೆಯುವುದನ್ನು ಬಿಟ್ಟು ಒದ್ದೆ ಅರಿವೆಯಲ್ಲಿ ಮೈ ಒರೆಸತೊಡಗಿದ್ದಳು. ಅಕ್ಕ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು.

ಒಂದು ಮುಂಜಾನೆ "ನೀರ ಬಂತs" ಎಂಬ ಕೂಗು ಕೇಳಿತು. ಅವ್ವ, ನಾನು ಇದ್ದಬದ್ದ ಕೊಡ ಎತ್ತಿಕೊಂಡು ಓಡಿದೆವು. ಮೊದಲ ಮನೆಯ ಆಯಿ ತುಂಬಿಕೊಳ್ಳುತ್ತಿದ್ದಳು. ಸಾಲಿನಲ್ಲಿ ಎರಡನೆಯದು ನೀಲಿ ಕೊಡ. ಅದರ ಹಿಂದೆ ನಮ್ಮದು ಇರಬೇಕಾದ ಜಾಗದಲ್ಲಿ ಎರಡು ಕಲ್ಲು, ಅವುಗಳ ಸುತ್ತ ಬಿಳಿ ಚೂರುಗಳ ರಾಶಿ. ಹಿಂದಿನ ಸಂಜೆ ಬಿರುಗಾಳಿ ಎದ್ದಿತ್ತು. ಅಷ್ಟೇ ನೆಪ. ಒಳಗೆ ಎಳೆಗಳೆಲ್ಲ ಎಂದೋ ಕಡಿದು ಹೋಗಿದ್ದವು. ಕೊಡ ಬರೀ ಅಭ್ಯಾಸಬಲದಿಂದ ನಿಂತಿತ್ತು.

ಕಾಕು ಸೆರಗು ಸೊಂಟಕ್ಕೆ ಸಿಗಿಸಿ ನಿಂತಿದ್ದಳು. "ನಿಮ್ಮ ಕೊಡ ಎಲ್ಲೈತಿ?"

"ಇಲ್ಲೇ ಐತಲ್ಲರಿ" ಎಂದು ಅವ್ವ ಚೂರುಗಳನ್ನು ತೋರಿಸಿದಳು.

"ಅದು ಕೊಡಾ ಏನು? ಅದು ಕಸಾ. ಕೊಡ ಇಲ್ಲ ಅಂದಮ್ಯಾಲ ಪಾಳಿ ಇಲ್ಲ. ನಾ ಮಾಡಿದ ಕಾಯಿದೆ ಅಲ್ಲವಾ ಇದು, ಓಣೀದು. ಹಿಂದ ಹೋಗ್ರಿ."

"ಮನ್ಯಾಗ ಬಾಣಂತಿ ಅದಾಳ್ರಿ ಅಕ್ಕಾರ" ಎಂದಳು ಅವ್ವ.

"ಹೊಳಿ ದಂಡ್ಯಾಗ ಬೆಳದಾಕಿ ನೀ. ಬಾಣಂತನಕ್ಕ ಮಗಳನ್ನ ಅಲ್ಲೇ ಕಳಸಬೇಕಾಗಿತ್ತು. ಮುತ್ತ ಒಡದ್ರ ಹೋತು, ಮಾತ ಆಡಿದ್ರ ಹೋತು. ಕೊಡ ಒಡದ್ರೂ ಹೋತು."

ಸಾಲಿನಲ್ಲಿ ಕೆಲವರು ನಕ್ಕರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಆಯಿಯ ಕೊಡಗಳು ತುಂಬಿ, ಎರಡನೆಯ ಮನೆಯವರು ನಳಕ್ಕೆ ಕೊಡ ಹಿಡಿದರು. ನೀರು ಆಗಲೇ ಸಣ್ಣಗಾಗುತ್ತಿತ್ತು. ಅವ್ವ ಮಾತಾಡದೆ ಕೊಡ ಎತ್ತಿಕೊಂಡು ಹಿಂದಕ್ಕೆ ಹೊರಟಳು. ಅವಳು ಹೊರಟ ರೀತಿ ನೋಡಿ ನಾನು ಅವಳ ಕೈಯಿಂದ ಕೊಡ ಕಸಿದುಕೊಂಡು ಮತ್ತೆ ಅದೇ ಜಾಗದಲ್ಲಿ ಕುಕ್ಕಿದೆ.

"ಅವ್ವಾ, ಒಂದ ಹೆಜ್ಜಿ ಹಿಂದ ಇಟ್ಟೀದಿ ಅಂದ್ರ ನಾ ಮನೀಗೆ ಬರೂದಿಲ್ಲ" ಎಂದೆ. ಆಮೇಲೆ ಕಾಕುವಿನ ಕಡೆ ತಿರುಗಿದೆ. "ಕಾಕು, ಕೊಡ ಎಲ್ಲಿ ಹೋಗೇತ್ರಿ? ಯಾರರ ಒಯ್ದಾರೇನು? ಇದ್ದಲ್ಲೇ ಐತಿ. ಬಿಸಲ ಕಡದೈತಿ, ಗಾಳಿ ಒಡದೈತಿ, ಆದ್ರ ಜಾಗಾ ಬಿಟ್ಟ ಕದಲಿಲ್ಲ."

"ಏನವಾ ಕಾಲೇಜಿನಾಕಿ, ನಿಮ್ಮ ಕೊಡ ಹಸರಿತ್ತು. ಈ ಚೂರ ಬಿಳೇವು. ಯಾರ ಮನೀವೋ ಯಾರಿಗ್ಗೊತ್ತು? ಗಾಳಿಗೆ ಹಾರಿ ಬಂದಿರಬೇಕು."

ಇಡೀ ಓಣಿಗೆ ಆ ಕೊಡ ಯಾರದೆಂದು ಗೊತ್ತಿತ್ತು. ಆಕೆಗೂ ಗೊತ್ತಿತ್ತು. ಆದರೂ ಯಾರೂ ಬಾಯಿ ಬಿಡಲಿಲ್ಲ. ನಮ್ಮ ಪಾಳಿ ಹಿಂದೆ ಹೋದರೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬರುತ್ತಾರಲ್ಲ! ನನಗೆ ಕಾಕುವಿನ ಮೇಲಿಗಿಂತ ಆ ಮೌನದ ಮೇಲೆ ಹೆಚ್ಚು ಸಿಟ್ಟು ಬಂತು.

ಕೆಳಗೆ ಕೂತು ಕಲ್ಲುಗಳನ್ನು ಎತ್ತಿ ಬದಿಗೆ ಒಗೆದೆ. ಅವುಗಳ ಅಡಿಯಲ್ಲಿ ಕೊಡದ ತಳ ನೆಲಕ್ಕೆ ಅಂಟಿಕೊಂಡು ಕೂತಿತ್ತು. ಉಗುರು ತೂರಿಸಿ ಎಬ್ಬಿಸಿದೆ. ಒಡೆಯಲಿಲ್ಲ, ರೊಟ್ಟಿಯ ಹಾಗೆ ಇಡಿಯಾಗಿ ಎದ್ದು ಬಂತು. ತಿರುವಿ ಹಾಕಿ, ಮಣ್ಣು ಒರೆಸಿ, ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ಹಿಡಿದೆ. ಗಿಳಿಹಸಿರು! ಚಾಚಾನ ಗಾಡಿಯಿಂದ ಇಳಿದ ದಿನ ಹೇಗಿತ್ತೋ ಹಾಗೆ. ನೆಲಕ್ಕೆ ಮುಖ ಮಾಡಿದ ಭಾಗಕ್ಕೆ ಬಿಸಿಲು ಮುಟ್ಟಿರಲಿಲ್ಲ.

"ಬಣ್ಣಾ ಬಿಸಲ ತಿಂದೈತಿ. ಬಿಸಲ ಬೀಳದಲ್ಲೆ ನೋಡ್ರಿ. ಇದರ ಜೋಡೀದು ನಮ್ಮ ಅಡಿಗಿಮನ್ಯಾಗ ಐತಿ, ತಂದ ತೋರಸ್ಲೇನು?"

ಕಾಕು ಬಗ್ಗಿ ತಳವನ್ನು ದಿಟ್ಟಿಸಿದಳು. ಆದರೆ ಸೋಲೊಪ್ಪುವ ಹೆಣ್ಣಲ್ಲ. "ಆತು, ನಿಮ್ದs. ಆದ್ರ ಅದರ ಆಯುಷ್ಯ ಮುಗೀತಲ್ಲ. ಸತ್ತವ್ರು ಮಣ್ಣಾದಂಗ ಅದೂ ಮಣ್ಣಾತು. ಮಣ್ಣಾದವ್ರಿಗೆ ಎಂಥಾ ಪಾಳಿ?"

ಆ ಮಾತಿಗೆ ನಾನು ಈಗಲೂ ಕಾಕುವಿಗೆ ಋಣಿ. ಓದಿದ್ದು ಜೀವಮಾನದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಹೊತ್ತಿನಲ್ಲಿ.

"ಮಣ್ಣಾಗೂದು ಅಂದ್ರ ಸುಮ್ಮನs ಏನ್ರಿ? ಮಣ್ಣಾಗಬೇಕಂದ್ರ ಮಣ್ಣಾಗಿನ ಹುಳಾ ತಿನ್ನಬೇಕು, ಕಣ್ಣಿಗೆ ಕಾಣದಂಥ ಹುಳಾ. ರೊಟ್ಟಿ ತಿಂತಾವ, ಸಗಣಿ ತಿಂತಾವ, ಹತ್ತಿ ಅರಿವೀನೂ ತಿಂತಾವ. ಇದನ್ನ ಬಾಯಾಗ ಹಾಕ್ಕೊಳ್ಳಾಕ ಅವಕ್ಕ ಆಗಂಗಿಲ್ಲ, ಎಳಿ ಅಷ್ಟ ಉದ್ದ ಅದಾವ. ಚೂರ ಆಗತೈತಿ, ಚೂರಿನ ಚೂರ ಆಗತೈತಿ, ಆದ್ರ ಮಣ್ಣ ಆಗಾಕ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಾನೂ ಸಾಲಂಗಿಲ್ಲ. ಕೊಡ ಇದ್ರ ಪಾಳಿ ಐತಿ ಅಂದ್ರಲ್ಲ? ಇದು ಮಣ್ಣಾಗೂಮಟಾ ಕೊಡ ಐತಿ. ಇದು ಮಣ್ಣಾಗೂಮಟಾ ಪಾಳಿ ನಮ್ದ!"

ನನ್ನ ಧ್ವನಿ ನನಗೇ ಪರಿಚಯವಾಗದಷ್ಟು ಏರಿತ್ತು. ಯಾರೂ ನಗಲಿಲ್ಲ. ಎರಡನೆಯ ಮನೆಯವರು ಕೊಡ ಎತ್ತಿಕೊಂಡರು, ನಳ ಖಾಲಿ ಬಿತ್ತು, ನೀರು ನೆಲಕ್ಕೆ ಹರಿಯತೊಡಗಿತು. ಬೇಸಿಗೆಯಲ್ಲಿ ನೀರು ನೆಲಕ್ಕೆ ಹರಿಯುವುದನ್ನು ನೋಡುವುದು ನಮ್ಮ ಓಣಿಯ ಯಾವ ಹೆಂಗಸಿನ ಕೈಲೂ ಆಗದ ಮಾತು.

ತುಂಬಿದ ಕೊಡವನ್ನು ಸೊಂಟದಲ್ಲಿ ಹೊತ್ತು ನಿಂತಿದ್ದ ಆಯಿ ಗದರಿದಳು: "ಏ, ನೀರ ಹೊಂಟೈತಿ! ಹುಡುಗಿ ಖರೇ ಹೇಳ್ತೈತಿ. ಚೂರಿದ್ರೂ ಅದು ಕೊಡಾನ. ತುಂಬ್ಕೊ ನಡಿ."

ಅವ್ವ ತುಂಬಿಕೊಂಡಳು. ಒಂದು ಕೊಡ ತುಂಬುವಾಗಲೂ ಯಾರ ಮುಖವನ್ನೂ ನೋಡಲಿಲ್ಲ. ನಾನು ಮಾತ್ರ ಒಬ್ಬೊಬ್ಬರನ್ನೇ ನೋಡುತ್ತ ನಿಂತಿದ್ದೆ, ನೋಡಲೇಬೇಕೆಂದು. ಆ ಮಧ್ಯಾಹ್ನ ಹಂಡೆಯ ಕೆಳಗೆ ಬೆಂಕಿ ಉರಿಯಿತು. ಬಚ್ಚಲಲ್ಲಿ ಅಕ್ಕನ ಬೆನ್ನಿಗೆ ಅವ್ವ ಚರಿಗೆ ಚರಿಗೆ ಬಿಸಿನೀರು ಹೊಯ್ಯುತ್ತಿದ್ದರೆ ಅಕ್ಕ ಒಳಗಿನಿಂದಲೇ ಅಳುವುದು ಕೇಳಿಸಿತು. ಸಂತೋಷಕ್ಕೋ ಸುಸ್ತಿಗೋ ನಾನು ಕೇಳಲಿಲ್ಲ. ನಾನೂ ಅತ್ತೆ.

ಮರುದಿನ ಅಪ್ಪ ಹೊಸ ಕೊಡ ತರುತ್ತೇನೆಂದ. ಅವ್ವ ಬೇಡವೆಂದಳು. ಹಿಂದಿನ ದಿನ ಮಾತಿಲ್ಲದೆ ಹಿಂದಕ್ಕೆ ಹೊರಟಿದ್ದವಳು ಇವಳೇನಾ ಎನ್ನಿಸಿತು. "ಹೊಸಾದ ಇಟ್ರ ಆಕಿ ಅಂದದ್ದs ಖರೇ ಆಗತೈತಿ. ನಾ ಇಡೂದಿಲ್ಲ" ಎಂದು ಆ ಹಸಿರು ತಳವನ್ನು ಸಾಲಿನಲ್ಲಿ ಮೂರನೆಯ ಜಾಗದಲ್ಲಿ ಇಟ್ಟು, ಅದರ ಮೇಲೆ ಅವೇ ಎರಡು ಕಲ್ಲು ಹೇರಿ ಬಂದಳು. ಕಾಕು ಬಾಗಿಲಲ್ಲಿ ನಿಂತು ನೋಡಿದಳು. ಗೋಡೆಗೆ ಏನೂ ಹೇಳಲಿಲ್ಲ.

ಉಳಿದ ಚೂರುಗಳನ್ನು ನಾನು ಉಡಿಯಲ್ಲಿ ಬಳಿದುಕೊಂಡು ತಂದಿದ್ದೆ. ನಳದ ಮುಂದೆ ಅಷ್ಟು ದೊಡ್ಡ ಬಾಯಿ ಮಾಡಿದ ಮೇಲೆ ನನ್ನ ಮಾತು ನಿಜವೋ ಸುಳ್ಳೋ ನೋಡಬೇಕಲ್ಲ. ಒಂದಿಷ್ಟನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿದೆ. ಒಂದಿಷ್ಟನ್ನು ಓಣಿಯ ಹಿಂದಿನ ತಿಪ್ಪೆಯಲ್ಲಿ, ಮೂಲೆಗಲ್ಲಿನ ಬುಡದಲ್ಲಿ ಹೂತೆ. ಜೊತೆಗೆ ಅಪ್ಪನ ಮಗ್ಗದ ಕೆಳಗೆ ಬಿದ್ದಿದ್ದ ಹತ್ತಿನೂಲಿನ ಉಂಡೆಯೊಂದನ್ನೂ ಹೂತೆ. ಮಾಳಿಗೆಯ ಮೇಲಿನವು ಮುಂದಿನ ಬೇಸಿಗೆಗೆ ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತಿದ್ದವು. ಮಳೆಗಾಲದಲ್ಲಿ ಆ ಪುಡಿ ಮಾಳಿಗೆಯ ನೀರು ಸುರಿಯುವ ದೋಣಿಯಿಂದ ಇಳಿದು ಎಲ್ಲಿಗೋ ಹರಿದುಹೋಯಿತು. ಕಾಣಿಸದಾಯಿತು ಅಷ್ಟೇ, ಇಲ್ಲವಾಗಲಿಲ್ಲ. ಅದು ನನಗೆ ಗೆದ್ದ ಖುಷಿ ಕೊಡಬೇಕಿತ್ತು, ಕೊಡಲಿಲ್ಲ. ಆ ಪುಡಿ ಯಾವ ಹಳ್ಳ ಸೇರಿತೋ, ಯಾರ ಕೊಡಕ್ಕೆ ಬಂತೋ.

ತಿಪ್ಪೆಯ ಗೊಬ್ಬರ ಒಯ್ಯಲು ಬೆಳವಣಕಿಯ ರೈತನೊಬ್ಬ ಚಕ್ಕಡಿ ಕಟ್ಟಿಕೊಂಡು ಬಂದಾಗ ನಾನು ಮೂಲೆಗಲ್ಲಿನ ಹತ್ತಿರ ಹೋಗಿ ನಿಂತೆ. ನೂಲಿನ ಉಂಡೆ ಇದ್ದ ಗುರುತೂ ಉಳಿದಿರಲಿಲ್ಲ, ಕಪ್ಪು ಗೊಬ್ಬರವಾಗಿತ್ತು. ಚೂರುಗಳು ಹೂತ ಹಾಗೆಯೇ ಬಂದವು. ಬಿಸಿಲು ಚೆನ್ನಾಗಿ ಕಡಿದಿದ್ದ ಅಂಚುಗಳಲ್ಲಿ ಆ ಹುಳಗಳು ಒಂದಿಷ್ಟು ನೆಕ್ಕಿ ನೋಡಿರಬಹುದು. ನನ್ನ ಕಣ್ಣಿಗೆ ಕಾಣಲಿಲ್ಲ. ರೈತ ಸಲಿಕೆಯಿಂದ ಅವನ್ನು ಆಚೆ ಚೆಲ್ಲಿ, "ನಿಮ್ಮ ಊರಾಗಿಂದು ಎಲ್ಲಾ ನಮ್ಮ ಹೊಲಕ್ಕs ಬರಬೇಕೇನವಾ?" ಎಂದ. ಚೂರುಗಳನ್ನು ಆರಿಸಿಕೊಂಡು ಮನೆಗೆ ತಂದೆ.

ಕಾಕುವಿನ ಕೆಂಪು ಕೊಡ ಎಷ್ಟು ದಿನ ತಡೆದೀತು? ಬಿಸಿಲಿಗೆ ಸ್ವಂತ ಮನೆ, ಬಾಡಿಗೆ ಮನೆ ಎಂಬ ಭೇದ ಇಲ್ಲ. ಒಂದು ವೈಶಾಖದಲ್ಲಿ ನೀರು ಬಂದ ಹೊತ್ತಿಗೆ ಅದೂ ಕಲ್ಲುಗಳ ಸುತ್ತ ಚೂರಾಗಿ ಬಿದ್ದಿತ್ತು. ಆ ಹೊತ್ತಿಗೆ ಆಕೆಯ ಗಂಡ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ. ಹಾಸಿಗೆಯಲ್ಲಿದ್ದವರ ಮನೆಗೂ ಬಾಣಂತಿಯ ಮನೆಯಷ್ಟೇ ನೀರು ಬೇಕು. ಹಿಂದಿನವರೆಲ್ಲ ಕಾಕುವನ್ನು ಬಿಟ್ಟು ನಮ್ಮ ಕಡೆ ನೋಡಿದರು. ನಾನು ಬಾಯಿ ತೆರೆದೆ. ಮುತ್ತು ಒಡೆದ ಮಾತು, ಹೊಳೆ ದಂಡೆಯ ಮಾತು, ಎಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಇಷ್ಟು ದಿನ ಜೋಪಾನ ಮಾಡಿಟ್ಟಿದ್ದೆ. ಅವ್ವ ನನ್ನ ಕಾಲು ತುಳಿದಳು, ನೋವಾಗುವ ಹಾಗೆ.

"ಚೂರ ಅದಾವಲ್ಲ. ಪಾಳಿ ಐತಿ. ನಮ್ಮ ಹಿಂದ ಅವರs" ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಕಾಕು ಕಣ್ಣೀರು ಹಾಕಲಿಲ್ಲ, ಕೈಮುಗಿಯಲಿಲ್ಲ. "ನನ್ನ ಪಾಳಿ ನನಗ ಗೊತ್ತೈತಿ. ನೀವೇನ ಕೊಡೂದು?" ಎಂದು ಕೊಡ ಹಿಡಿದು ನಿಂತಳು. ನನಗೆ ಅವತ್ತು ಮೊದಲ ಸಲ ಆಕೆ ಇಷ್ಟವಾದಳು.

ಆಮೇಲೆ ಓಣಿಯ ಕಾಯಿದೆಯೇ ಬದಲಾಯಿತು. ಒಬ್ಬೊಬ್ಬರ ಕೊಡ ಸಿಡಿದಂತೆ ತಳ, ಕುತ್ತಿಗೆ, ಕೈಗೆ ಸಿಕ್ಕ ಚೂರು ಅದೇ ಜಾಗದಲ್ಲಿ ಕಲ್ಲಿನ ಅಡಿ ಕೂತವು. ಒಬ್ಬರೂ ಹೊಸ ಕೊಡ ಇಡಲಿಲ್ಲ. ಚಾಚಾ ಗಾಡಿ ತಳ್ಳಿಕೊಂಡು ಹೋಗುವಾಗ ನನ್ನನ್ನು ಕಂಡರೆ, "ಬೇಟಿ, ನಿನ್ನ ಸಾಲಿ ಕಲಿಕಿ ನನ್ನ ಧಂದೇಕ್ಕ ಬಂತಲ್ಲ" ಎಂದು ಹಣೆ ಬಡಿದುಕೊಳ್ಳುತ್ತಿದ್ದ.

ಆ ದಶಕ ಮುಗಿಯುತ್ತಿದ್ದ ಹೊತ್ತಿಗೆ ಮನೆಮನೆಗೆ ನಳ ಬಂತು. ಬೀದಿಯ ನಳ ಕಿತ್ತರು. ಆ ಜಾಗಕ್ಕೆ ಕಾಂಕ್ರೀಟ್ ಸುರಿಯಲು ಗುತ್ತಿಗೆದಾರನ ಆಳುಗಳು ಬಂದಾಗ ಚೂರುಗಳ ಸಾಲು ಇನ್ನೂ ಹಾಗೇ ಇತ್ತು. ಗುಡಿಸಿ ಒಗೆಯಬೇಕೆ ಎಂದು ಒಬ್ಬ ಕೇಳಿದ. ಅವ್ವ, "ಇರ್ಲಿ ಬಿಡಪಾ, ಅದರ ಮ್ಯಾಲs ಹಾಕು" ಎಂದಳು. ಮೂಲೆಮನೆಯ ಬಾಗಿಲಿನಿಂದ ಕಾಕು, "ಹೌದು, ಹಾಕು" ಎಂದಳು. ಇಬ್ಬರೂ ಒಂದೇ ಮಾತಿಗೆ ಹೂಂ ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಈಗ ಅಲ್ಲಿ ಮೋಟಾರ್ ಸೈಕಲ್ ನಿಲ್ಲಿಸುತ್ತಾರೆ. ಅಲ್ಲಿ ಹೆಂಗಸರು ನೀರಿಗಾಗಿ ಬಡಿದಾಡಿದ್ದರೆಂದರೆ ಹೊಸಬರು ನಂಬುವುದಿಲ್ಲ. ಮನೆಗೆ ನಳ ಬಂದಿತೇ ವಿನಾ ನೀರು ದಿನಾ ಬರುವುದಿಲ್ಲ. ಪುರಸಭೆಗೆ ಕೇಳಲು ಹೋದರೆ ಮೇಜಿನ ಆಚೆ ಕೂತವರು "ನಿಮ್ಮ ಓಣೀದು ಪಾಳಿ ಬರಬೇಕಲ್ಲ, ತಡೀರಿ" ಎನ್ನುತ್ತಾರೆ. ತಡೆಯುವುದು ಯಾಕೆ? ನಮ್ಮ ಪಾಳಿ ಬಂದು ಎಷ್ಟೋ ಕಾಲವಾಯಿತು. ಆ ಕಾಂಕ್ರೀಟಿನ ಅಡಿಯಲ್ಲಿ, ಬಿಸಿಲು ತಾಗದಲ್ಲಿ, ಗಾಳಿ ಆಡದಲ್ಲಿ, ಹುಳ ಮೂಸದಲ್ಲಿ, ಎರಡು ಕಲ್ಲಿನ ಕೆಳಗೆ ಗಿಳಿಹಸಿರು ತಳವೊಂದು ಸಾಲಿನಲ್ಲಿ ಮೂರನೆಯದಾಗಿ ಕೂತಿದೆ, ಅದರ ಹಿಂದೆ ಕೆಂಪು. ಅದು ಮಣ್ಣಾಗಿಲ್ಲ. ಮಣ್ಣಾಗುವ ತನಕ ಪಾಳಿ ನಮ್ಮದು.